ಜಾಹೀರಾತಿಗೆ ಯಾವ ಪ್ರಾಣಿ ಫೋಟೋ ಹಾಕೋದು? ಪದೇ ಪದೇ ಕೇಳುವ ಪ್ರಶ್ನೆಗಳು

ತುಪ್ಪ, ಹಾಲು, ಪಶು ಆಹಾರ, ಸಾಕುಪ್ರಾಣಿ ಅಂಗಡಿ, ಹೋಂಸ್ಟೇ. ಇಂಥ ಸಣ್ಣ ವ್ಯಾಪಾರಗಳಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಗೂಗಲ್ ಜಾಹೀರಾತು ಮಾಡಿಕೊಡುವುದು ನನ್ನ ಕೆಲಸ. ಬರಹ ಹೇಗಿರಬೇಕು ಅಂತ ಕೇಳುವವರು ಕಡಿಮೆ, ಫೋಟೋ ಬಗ್ಗೆ ಮಾತ್ರ ದಿನಾ ಯಾರಾದರೂ ಕೇಳುತ್ತಾರೆ. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಸಂತೆಯಲ್ಲಿ ಸಿಕ್ಕಾಗ ಕೇಳಿದ್ದನ್ನೆಲ್ಲ ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಿಕೊಳ್ಳಬಹುದು.

## ಶುರು ಮಾಡುವವರಿಗೆ

ನಮ್ಮದು ಪೇಂಟ್ ಅಂಗಡಿ. ಪ್ರಾಣಿಗೂ ನಮಗೂ ಸಂಬಂಧ ಇಲ್ಲ. ಆದ್ರೂ ಮುದ್ದಾದ ನಾಯಿಮರಿ ಹಾಕಿದ್ರೆ ಜನ ನೋಡ್ತಾರಲ್ವಾ?

ನೋಡುತ್ತಾರೆ. ನಾಯಿಮರಿಯನ್ನು ನೋಡುತ್ತಾರೆ, ಪೇಂಟ್ ಅಂಗಡಿಯನ್ನಲ್ಲ. ಒತ್ತಿ ಒಳಗೆ ಬಂದವರಿಗೆ ಬಣ್ಣದ ಡಬ್ಬಿ ಕಂಡರೆ ಅಲ್ಲಿಂದಲೇ ವಾಪಸ್. ಆ ಒಂದೊಂದು ಕ್ಲಿಕ್ಕಿಗೂ ದುಡ್ಡು ಕೊಟ್ಟವರು ನೀವು. ಪ್ರಾಣಿಗೆ ಚಿತ್ರದಲ್ಲಿ ಏನಾದರೂ ಕೆಲಸ ಇದ್ದರೆ ಮಾತ್ರ ಹಾಕಿ. ಕಲೆ ಬಿದ್ದರೆ ತೊಳೆಯಬಹುದಾದ ಗೋಡೆ ಬಣ್ಣ ಮಾರುತ್ತೀರಾ? ಹಾಗಾದರೆ ಕೆಸರು ಕಾಲಿನ ನಾಯಿ ಗೋಡೆಗೆ ಒರಗಿ ನಿಂತಿದೆ, ಗೋಡೆ ಮೇಲೆ ನಾಲ್ಕು ಹೆಜ್ಜೆ ಗುರುತು ಬಿದ್ದಿದೆ ಅನ್ನೋ ಫೋಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲಿ ನಾಯಿಯೇ ನಿಮ್ಮ ಮಾತನ್ನು ಹೇಳುತ್ತಿದೆ.

ಪ್ರಾಣಿ ಫೋಟೋದಲ್ಲಿ ಜನ ಮೊದಲು ಏನು ನೋಡ್ತಾರೆ?

ಕಣ್ಣು. ಅದಕ್ಕೇ ನಾನು ಫೋಟೋ ಆರಿಸುವಾಗ ಮೊದಲು ಕಣ್ಣಿನ ಮೇಲೆ ದೊಡ್ಡದು ಮಾಡಿ ನೋಡುತ್ತೇನೆ. ಕಣ್ಣು ಮಸುಕಾಗಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ. ಕಣ್ಣೊಳಗೆ ಬೆಳಕಿನ ಒಂದು ಚುಕ್ಕಿ ಹೊಳೆಯುತ್ತಿರಬೇಕು, ಅದು ಇಲ್ಲದಿದ್ದರೆ ಜೀವ ಇರುವ ಪ್ರಾಣಿಯೂ ಗೊಂಬೆ ಥರ ಕಾಣುತ್ತದೆ.

ಮರಿಗಳು ಯಾಕೆ ಅಷ್ಟು ಸೆಳೆಯುತ್ತವೆ ಅಂತಲೂ ಕೇಳುತ್ತಾರೆ. ದೊಡ್ಡ ಹಣೆ, ದುಂಡು ಮುಖ, ದೊಡ್ಡ ಕಣ್ಣು, ಪುಟ್ಟ ಮೂಗು ಕಂಡರೆ ಮನುಷ್ಯರಿಗೆ ತಾನಾಗೇ ಮುದ್ದು ಬರುತ್ತದೆ ಅಂತ ಆಸ್ಟ್ರಿಯಾದ ಪ್ರಾಣಿ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದರು. ನಮ್ಮ ಕೂಸುಗಳ ಮುಖವೂ ಹಾಗೇ ಅಲ್ವಾ.

ಇನ್ನೊಂದು ವಿಷಯ. ಪ್ರಾಣಿ ಎತ್ತ ನೋಡುತ್ತದೋ ನೋಡುವವರ ಕಣ್ಣೂ ಅತ್ತ ಹೋಗುತ್ತದೆ. ಬೆಕ್ಕು ಬಲಕ್ಕೆ ತಿರುಗಿದ್ದರೆ ನಿಮ್ಮ ಪೊಟ್ಟಣವೋ ಬೆಲೆಯೋ ಬಲಗಡೆ ಇರಲಿ. ಬೆನ್ನ ಹಿಂದೆ ಇಟ್ಟರೆ ಅದನ್ನು ಯಾರೂ ಓದುವುದಿಲ್ಲ.

ನಗ್ತಾ ಇರೋ ಪ್ರಾಣಿ ಫೋಟೋ ಒಳ್ಳೇದಾ?

ನಿಜವಾಗಿ ಖುಷಿಯಾಗಿದೆಯಾ ಅಂತ ಮೊದಲು ನೋಡಿ. ಚಿಂಪಾಂಜಿ ಹಲ್ಲೆಲ್ಲ ಕಾಣುವ ಹಾಗೆ ಬಾಯಿ ಕಿಸಿದರೆ ಅದು ಬಹುತೇಕ ಹೆದರಿಕೆ, ನಗು ಅಲ್ಲ. ಕೈ ಮೇಲೆತ್ತಿ ಕೂತ ಸ್ಲೋ ಲೋರಿಸ್ ಅನ್ನೋ ದುಂಡು ಕಣ್ಣಿನ ಪುಟ್ಟ ಪ್ರಾಣಿಯ ಚಿತ್ರ ಎಲ್ಲ ಕಡೆ ಓಡಾಡುತ್ತದೆ, ಕಚಗುಳಿ ಇಟ್ಟರೆ ಸಂತೋಷ ಪಡುತ್ತಿದೆ ಅಂತ ಜನ ತಿಳಿಯುತ್ತಾರೆ. ಅದು ತನ್ನನ್ನು ಕಾಪಾಡಿಕೊಳ್ಳಲು ಕೈ ಎತ್ತಿರುವುದು. ನಾಯಿ ಬಾಯಿ ತೆರೆದಿದ್ದರೂ ಕಿವಿ ಹಿಂದಕ್ಕೆ ಅಂಟಿದ್ದು, ಕಣ್ಣಿನ ಬಿಳಿ ಜಾಸ್ತಿ ಕಾಣುತ್ತಿದ್ದು, ಬಾಲ ಕಾಲ ನಡುವೆ ಸೇರಿಕೊಂಡಿದ್ದರೆ ಅದಕ್ಕೆ ಭಯವಾಗಿದೆ. ನಾಯಿ ಸಾಕಿದವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಿಮ್ಮ ಗಿರಾಕಿಗಳು ಅವರೇ ತಾನೆ?

## ಹಸು, ಎಮ್ಮೆ, ಕುರಿ

ನಮ್ಮದು ನಾಟಿ ಹಸುವಿನ ತುಪ್ಪ. ಹಸು ಅಂದ್ರೆ ಹಸು, ನೆಟ್‌ನಲ್ಲಿ ಸಿಕ್ಕಿದ್ದು ಯಾವುದಾದ್ರೂ ಹಾಕಿದ್ರೆ ಆಗಲ್ವಾ?

ಆಗಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪಾಗುವ ಜಾಗವೂ ಇದೇ.

ನೆಟ್‌ನಲ್ಲಿ ಹಸು ಅಂತ ಹುಡುಕಿದರೆ ಮೊದಲು ಬರುವುದು ಕಪ್ಪು ಬಿಳಿ ಮಚ್ಚೆಯ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್. ಹಿಂದೆ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ. ನೋಡೋಕೆ ಚೆಂದ. ಆದರೆ ಅದಕ್ಕೆ ಹಿಣಿಲು, ಅಂದರೆ ಹೆಗಲ ಮೇಲಿನ ಡುಬ್ಬ ಇಲ್ಲ, ಗಂಗೆದೊಗಲು, ಅಂದರೆ ಕತ್ತಿನ ಕೆಳಗಿನ ಜೋಲು ಚರ್ಮ ಇಳಿಬಿದ್ದಿರುವುದಿಲ್ಲ. ಕೆಳಗೆ ನೀವು ‘ಶುದ್ಧ ನಾಟಿ ಹಸುವಿನ ತುಪ್ಪ’ ಅಂತ ಬರೆದಿರುತ್ತೀರಿ. ಕೊಟ್ಟಿಗೆ ನೋಡಿದ ಯಾರಿಗೇ ಆದರೂ ಅಲ್ಲೇ ಅನುಮಾನ ಶುರು. ಬೆಂಗಳೂರಿನಲ್ಲಿ ಕೂತು ತುಪ್ಪ ತರಿಸುವವರಲ್ಲೂ ಅರ್ಧ ಜನ ಹಳ್ಳಿಯಿಂದಲೇ ಹೋದವರು, ಅವರಿಗೆ ಹಸು ಗೊತ್ತು.

ಸರಿ, ಹಿಣಿಲು ಇರುವ ಹಸು ಸಾಕಾ? ಅದೂ ಸಾಲದು. ನಾಟಿ ಅಂತ ಹುಡುಕಿದವರು ಸಾಮಾನ್ಯವಾಗಿ ಗಿರ್ ಹಸುವಿನ ಫೋಟೋ ತರುತ್ತಾರೆ. ಉಬ್ಬಿದ ಹಣೆ, ಸುರುಳಿ ಸುತ್ತಿದ ಎಲೆಯ ಹಾಗೆ ಜೋತ ಉದ್ದ ಕಿವಿ, ಕೆಂಪು ಮೈ. ಅದು ಗುಜರಾತಿನ ಸೌರಾಷ್ಟ್ರದ ತಳಿ. ನೀವು ಸಾಕಿರುವುದೇ ಗಿರ್ ಆದರೆ ಧಾರಾಳವಾಗಿ ಹಾಕಿ, ‘ಗಿರ್’ ಅಂತ ಬರೆದೇ ಹಾಕಿ. ಮಲೆನಾಡು ಗಿಡ್ಡ ಸಾಕಿದ್ದರೆ ಆ ಗಿಡ್ಡವನ್ನೇ ತೋರಿಸಿ. ಎರಡೂವರೆ ಮೂರು ಅಡಿ ಎತ್ತರದ ಪುಟ್ಟ ಹಸು, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತರೆ ಅವರ ಸೊಂಟದ ತನಕ ಬರುತ್ತದೆ. ಆ ಅಳತೆ ಫೋಟೋದಲ್ಲಿ ಕಾಣಬೇಕು. ಈ ಹಸು ಕೊಡುವ ಹಾಲು ಕಡಿಮೆ, ಅದಕ್ಕೇ ತುಪ್ಪಕ್ಕೆ ಇಷ್ಟು ಬೆಲೆ ಅನ್ನುವುದನ್ನು ನೀವು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಹಳ್ಳಿಕಾರ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿದ ಕೊಂಬು, ಫೋಟೋಗೆ ಅಷ್ಟು ಗಾಂಭೀರ್ಯ ಇರುವ ತಳಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಅದು ಉಳುಮೆಗೆ, ಗಾಡಿಗೆ ಹೆಸರಾದ ತಳಿ. ಜೋಡಿ ಎತ್ತಿನ ಫೋಟೋ ಹಾಕಿ ಕೆಳಗೆ ಹಾಲು ಅಂತ ಬರೆದವರನ್ನು ನೋಡಿದ್ದೇನೆ. ಎತ್ತು ಹಾಲು ಕೊಡುತ್ತದಾ?

ಇದರಲ್ಲಿ ಕಾನೂನಿನ ಮಾತೂ ಇದೆ. ತಪ್ಪುದಾರಿಗೆ ಎಳೆಯುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಚಿತ್ರವೂ ಜಾಹೀರಾತಿನ ಭಾಗವೇ. ‘ಎ2’ (ಹಾಲಿನ ಪ್ರೋಟೀನಿನ ಒಂದು ಬಗೆ) ಅಂತ ಬರೆಯುವವರು ಇದನ್ನೂ ನೆನಪಿಟ್ಟುಕೊಳ್ಳಿ: 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹಾಲಿನ ಪದಾರ್ಥಗಳ ಮೇಲಿಂದ ಎ1, ಎ2 ಅನ್ನೋದನ್ನು ತೆಗೆಯಿರಿ ಅಂತ ಹೇಳಿ, ಕೆಲವೇ ದಿನದಲ್ಲಿ ಆ ಆದೇಶ ವಾಪಸ್ ಪಡೆಯಿತು. ವಿಷಯ ಇನ್ನೂ ಸೂಕ್ಷ್ಮವಾಗಿರುವಾಗ ಬೇರೆ ತಳಿಯ ಹಸು ತೋರಿಸಿ ನೀವಾಗೇ ಸಿಕ್ಕಿಹಾಕಿಕೊಳ್ಳಬೇಡಿ.

ಎಮ್ಮೆ, ಕುರಿಯಲ್ಲೂ ಇಷ್ಟೆಲ್ಲ ನೋಡ್ಬೇಕಾ?

ನೋಡಬೇಕು. ಮುರ್ರಾ ಎಮ್ಮೆಯ ಕೊಂಬು ಬಿಗಿಯಾಗಿ ಸುರುಳಿ ಸುತ್ತಿರುತ್ತದೆ, ಅದು ಹರಿಯಾಣ ಕಡೆಯದು. ಧಾರವಾಡಿ ಎಮ್ಮೆಯ ಕೊಂಬು ಅರ್ಧ ಚಂದ್ರನ ಹಾಗೆ ಬಾಗಿರುತ್ತದೆ. ಪೇಡದ ಜಾಹೀರಾತಿಗೆ ಮುರ್ರಾ ಹಾಕಿದರೆ ಧಾರವಾಡದವರು ಸುಮ್ನೆ ಬಿಡುತ್ತಾರಾ? ಬನ್ನೂರು ಕುರಿಯನ್ನು ಹಿಂದಿನಿಂದ ನೋಡಿದರೆ ಹಿಂಗಾಲು ಎರಡೂ ಸೇರಿ ಕವುಚಿಟ್ಟ ‘ಯು’ ಅಕ್ಷರದ ಹಾಗೆ ಕಾಣುತ್ತವೆ, ಗಿಡ್ಡ ಕಾಲು, ತುಂಬಿದ ಮೈ. ಮಂಡ್ಯ, ಮೈಸೂರಿನ ಗಿರಾಕಿ ಅದನ್ನೇ ನೋಡಿ ಬನ್ನೂರು ಅಂತ ನಂಬುವುದು. ವಿದೇಶದ ಉಣ್ಣೆ ಮುದ್ದೆಯಂಥ ಬಿಳಿ ಕುರಿ ಇಲ್ಲಿ ಏನೂ ಹೇಳುವುದಿಲ್ಲ.

ನಾವು ಮಟನ್, ನಾಟಿ ಕೋಳಿ ಮನೆಗೆ ತಲುಪಿಸ್ತೀವಿ. ಮುದ್ದಾದ ಮರಿ ಫೋಟೋ ಹಾಕ್ಲಾ?

ಬೇಡ. ಕುರಿಮರಿಯ ಕಣ್ಣು ನೋಡಿದ ಮೇಲೆ ಅರ್ಧ ಕೆಜಿ ಅಂತ ಆರ್ಡರ್ ಮಾಡಲು ಕೈ ಬರುವುದಿಲ್ಲ. ತಿನ್ನುವ ಪದಾರ್ಥಕ್ಕೆ ತಿನ್ನುವ ಪದಾರ್ಥವನ್ನೇ ತೋರಿಸಿ, ಬಾಳೆಎಲೆ ಮೇಲೆ ಮುದ್ದೆ, ಪಕ್ಕದಲ್ಲಿ ಹಬೆಯಾಡುವ ಸಾರು. ತಳಿ ಯಾವುದು ಅಂತ ತೋರಿಸಲೇಬೇಕಿದ್ದರೆ ಹೊಲದಲ್ಲಿ ಮೇಯುತ್ತಿರುವ ಹಿಂಡನ್ನು ದೂರದಿಂದ ತೆಗೆಯಿರಿ, ಒಂದೇ ಮುಖ ಹತ್ತಿರದಿಂದ ಬೇಡ. ಕಡಿದ ತಲೆ, ರಕ್ತ, ಕತ್ತಿ ಇವನ್ನು ಹಾಕಿದರೆ ಜಾಹೀರಾತೇ ತಿರಸ್ಕಾರ ಆಗಬಹುದು. ನಾಟಿ ಹುಂಜದ ವಿಷಯ ಸ್ವಲ್ಪ ಬೇರೆ. ಅದರ ಬಣ್ಣ, ಗತ್ತು ನೋಡಿ ಜನ ಫಾರಂ ಕೋಳಿ ಅಲ್ಲ ಅಂತ ಗುರುತಿಸುತ್ತಾರೆ, ಹಾಗಾಗಿ ಒಂದು ಹುಂಜ ಇದ್ದರೆ ತೊಂದರೆ ಇಲ್ಲ.

## ಕಾಡು, ಹಬ್ಬ, ನಂಬಿಕೆ

ನಾಗರಹೊಳೆ ಹತ್ರ ನಮ್ಮ ಹೋಂಸ್ಟೇ. ಹುಲಿ ಫೋಟೋ ಹಾಕಿದ್ರೆ ಬುಕಿಂಗ್ ಜಾಸ್ತಿ ಬರುತ್ತಲ್ವಾ?

ಬುಕಿಂಗ್ ಬರಬಹುದು. ಆಮೇಲೆ ಹುಲಿ ಕಾಣದೆ ಹೋದ ಅತಿಥಿ ಬರೆಯುವ ವಿಮರ್ಶೆಯೂ ಬರುತ್ತದೆ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಇದ್ದವು, ದೇಶದಲ್ಲೇ ಎರಡನೇ ಸ್ಥಾನ. ಆದರೂ ಒಂದು ಸಫಾರಿಯಲ್ಲಿ ಕಂಡೇ ಕಾಣುತ್ತದೆ ಅಂತ ಯಾರೂ ಮಾತು ಕೊಡಲಾಗುವುದಿಲ್ಲ. ನಿಮ್ಮ ಜಗಲಿಯಿಂದ ಏನು ಕಾಣುತ್ತದೋ ಅದನ್ನು ದೊಡ್ಡದಾಗಿ ಹಾಕಿ: ತೋಟದ ಅಂಚಿಗೆ ಬರುವ ನವಿಲು, ಮರದಿಂದ ಮರಕ್ಕೆ ಹಾರುವ ಕೆಂಪು ದೊಡ್ಡ ಅಳಿಲು, ಸಂಜೆ ಹೊತ್ತಿನ ಜಿಂಕೆ ಹಿಂಡು. ಹುಲಿ ಇರಲಿ, ಎರಡನೇ ಮೂರನೇ ಚಿತ್ರವಾಗಿ ಇರಲಿ, ‘ಸಫಾರಿಯಲ್ಲಿ ಅದೃಷ್ಟ ಇದ್ದರೆ’ ಅಂತ ಬರೆದು.

ಇನ್ನು ಬೇರೆ ದೇಶದ ಪ್ರಾಣಿ ನುಸುಳುವುದು. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ, ಯಾಕೆಂದರೆ ನಮ್ಮಲ್ಲೇ ಅಷ್ಟು ಚೆಂದದ ಪ್ರಾಣಿಗಳಿವೆ. ಕಬಿನಿ ಹಿನ್ನೀರಿನ ಜಾಹೀರಾತಿನಲ್ಲಿ ಆಫ್ರಿಕಾದ ಆನೆ ನೋಡಿದ್ದೇನೆ. ಅದರ ಕಿವಿ ಹೆಗಲು ಮುಚ್ಚುವಷ್ಟು ದೊಡ್ಡದು, ಹೆಣ್ಣಿಗೂ ದಂತ ಇರುತ್ತದೆ. ನಮ್ಮ ಆನೆಯ ಕಿವಿ ಸಣ್ಣದು, ಹೆಣ್ಣಿಗೆ ಹೊರಗೆ ಕಾಣುವ ದಂತ ಇರುವುದಿಲ್ಲ. ಚಿರತೆ ಅಂತ ಜಾಗ್ವಾರ್ ಹಾಕುತ್ತಾರೆ. ಮೈಮೇಲಿನ ಉಂಗುರದೊಳಗೆ ಮತ್ತೆ ಕಪ್ಪು ಚುಕ್ಕಿ ಇದ್ದರೆ ಅದು ಅಮೆರಿಕ ಖಂಡದ ಜಾಗ್ವಾರ್. ದಾಂಡೇಲಿಯ ಜಾಹೀರಾತಿಗೆ ಮಂಗಟ್ಟೆ (ಹಾರ್ನ್‌ಬಿಲ್) ಬದಲು ಟೂಕನ್ ಹಾಕಿದವರಿದ್ದಾರೆ. ಎರಡಕ್ಕೂ ಕೊಕ್ಕು ದೊಡ್ಡದು ನಿಜ, ಆದರೆ ಟೂಕನ್ ಇರುವುದು ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ. ದಾಂಡೇಲಿಗೆ ದುಡ್ಡು ಖರ್ಚು ಮಾಡಿ ಬರುವವರಲ್ಲಿ ಹಕ್ಕಿ ನೋಡುವವರೇ ಜಾಸ್ತಿ, ಅವರು ಆ ಒಂದು ಚಿತ್ರ ನೋಡಿಯೇ ಈ ಜಾಗದವರಿಗೆ ಕಾಡು ಗೊತ್ತಿಲ್ಲ ಅಂತ ತೀರ್ಮಾನ ಮಾಡಿ ಮುಂದಿನ ಹೋಂಸ್ಟೇಗೆ ಹೋಗಿಬಿಡುತ್ತಾರೆ.

ಅತಿಥಿ ಮಂಗನಿಗೆ ಬಿಸ್ಕತ್ ಕೊಡುತ್ತಿರುವುದು, ಗೂಡಿನಲ್ಲಿರುವ ಮರಿ ಹಕ್ಕಿಯ ತೀರಾ ಹತ್ತಿರದ ಚಿತ್ರ, ಆನೆ ಪಕ್ಕ ಸೆಲ್ಫಿ, ಇವನ್ನು ಎಷ್ಟು ಚೆಂದ ಬಂದಿದ್ದರೂ ಹಾಕಬೇಡಿ. ಬರುವ ಅತಿಥಿಗಳೂ ಅದನ್ನೇ ಮಾಡಲು ಹೊರಡುತ್ತಾರೆ.

ಟ್ಯೂಷನ್ ಸೆಂಟರ್‌ಗೆ ಕನ್ನಡಕ ಹಾಕಿದ ಗೂಬೆ ಚೆನ್ನಾಗಿರುತ್ತೆ ಅಂತ ಡಿಸೈನರ್ ಹೇಳ್ತಿದ್ದಾರೆ. ಹೌದಾ?

ಬೇರೆ ಕಡೆ ಗೂಬೆ ಅಂದರೆ ಬುದ್ಧಿವಂತ. ನಮ್ಮಲ್ಲಿ ‘ಗೂಬೆ’ ಅನ್ನೋದು ಬೈಗುಳ, ತಪ್ಪು ಹೊರಿಸಿದರೆ ‘ಗೂಬೆ ಕೂರಿಸಿದರು’ ಅಂತೀವಿ, ಮನೆ ಮೇಲೆ ಗೂಬೆ ಕೂತರೆ ಅಜ್ಜಿಯರಿಗೆ ಇವತ್ತಿಗೂ ಕಳವಳ. ಗೂಬೆ ಪಾಪದ್ದು, ಇಲಿ ಹಿಡಿದು ರೈತರಿಗೆ ಉಪಕಾರವನ್ನೇ ಮಾಡುತ್ತದೆ. ಆದರೆ ಮಗುವನ್ನು ಸೇರಿಸಲು ಬರುವ ತಾಯಿಯ ಮನಸ್ಸನ್ನು ಒಂದು ಜಾಹೀರಾತಿನಲ್ಲಿ ಬದಲಾಯಿಸುವುದು ಕಷ್ಟ. ಹಾಗೇ ಕತ್ತೆ, ಹಂದಿ, ಹಲ್ಲಿ, ಅಡ್ಡ ಬರುವ ಬೆಕ್ಕು. ನಾಗರಹಾವಿಗೆ ಹಾಲೆರೆಯುವವರ ಮುಂದೆ ಅದನ್ನು ವಿಲನ್ ಮಾಡಿ ತೋರಿಸಬೇಡಿ. ಜಾಹೀರಾತು ಹೊರಡುವ ಮುಂಚೆ ಮನೆಯಲ್ಲಿ ಹಿರಿಯರೊಬ್ಬರಿಗೆ ತೋರಿಸಿ. ಅವರ ಮುಖ ನೋಡಿದರೆ ಸಾಕು.

ದಸರಾ ಆಫರ್‌ಗೆ ಅಲಂಕಾರ ಮಾಡಿದ ಆನೆ ಹಾಕ್ತಿದ್ದೀವಿ. ಏನಾದ್ರೂ ಗಮನಿಸ್ಬೇಕಾ?

ಹಣೆ ಮೇಲೆ ಬಂಗಾರದ ಬಣ್ಣದ ನೆಟ್ಟಿಪಟ್ಟ ಕಟ್ಟಿದ್ದರೆ ಅದು ಕೇರಳದ ಪೂರಂ ಆನೆ. ನಮ್ಮ ಜಂಬೂಸವಾರಿ ಆನೆಗಳ ಮುಖ, ಸೊಂಡಿಲು, ಕಿವಿಗೆ ಬಣ್ಣದಲ್ಲಿ ಚಿತ್ತಾರ ಬರೆದಿರುತ್ತಾರೆ. ಮೈಸೂರಿನವರಿಗೆ ಆನೆಗಳು ಹೆಸರು ಹಿಡಿದು ಗೊತ್ತು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ತೀರಿಕೊಂಡಾಗ ಎಷ್ಟೋ ಮನೆಯಲ್ಲಿ ಕಣ್ಣೀರು ಹಾಕಿದರು. ಅವನ ಫೋಟೋ ಮೇಲೆ ‘50% ಡಿಸ್ಕೌಂಟ್’ ಅಂತ ಬರೆದರೆ ಜನಕ್ಕೆ ಹೇಗನ್ನಿಸಬೇಡ? ಯಾವ ಆನೆ, ಯಾವ ವರ್ಷದ್ದು ಅಂತ ವಿಚಾರಿಸಿಯೇ ಹಾಕಿ.

## ಫೋಟೋ ತೆಗೆಯುವುದು

ಮೊಬೈಲ್‌ನಲ್ಲೇ ತೆಗೆದ್ರೆ ನಡೆಯುತ್ತಾ, ಫೋಟೋಗ್ರಾಫರ್ ಬೇಕಾ?

ನಿಮ್ಮದೇ ಪ್ರಾಣಿಯಾದರೆ ಮೊಬೈಲ್ ಸಾಕು. ಪ್ರಾಣಿಗೆ ನಿಮ್ಮ ಪರಿಚಯ ಇದೆಯಲ್ಲ, ಅದು ದೊಡ್ಡ ಕ್ಯಾಮರಾಗಿಂತ ಮುಖ್ಯ.

ತುಮಕೂರು ಕಡೆಯ ಒಂದು ತೋಟದಲ್ಲಿ ಕಲಿತದ್ದು ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೇ ಹೋಗಿದ್ದೆ. ಹಸು ನನ್ನನ್ನು ನೋಡಿದ ಕೂಡಲೇ ತಲೆ ತಗ್ಗಿಸಿ ಹಗ್ಗ ಜಗ್ಗಿತು. ಹದಿನೈದು ನಿಮಿಷ ತೆಗೆದ ಒಂದು ಫೋಟೋನೂ ಸರಿ ಬರಲಿಲ್ಲ. ಎಲ್ಲದರಲ್ಲೂ ಮೂಗುದಾರ ಬಿಗಿದು ಮೂಗು ಎಳೆದ ಹಾಗೆ. ಆಮೇಲೆ ಮನೆಯ ಅಮ್ಮ ಬಂದು ‘ನೀವು ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಸಾರ್’ ಅಂದು, ಹಗ್ಗ ಸಡಿಲ ಮಾಡಿ, ಗಂಗೆದೊಗಲು ಕೆರೆಯುತ್ತ ನಿಂತರು. ಎರಡು ನಿಮಿಷಕ್ಕೆ ಹಸು ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚಿ, ಗಲ್ಲವನ್ನು ಅವರ ಹೆಗಲ ಮೇಲೆ ಇಟ್ಟಿತು. ಓರೆ ಬಿಸಿಲು ಕಿವಿ ಕೂದಲಿಗೆ ಬಿದ್ದು ಅಂಚೆಲ್ಲ ಹೊಳೆಯುತ್ತಿತ್ತು. ಅವರ ಕೈಯಲ್ಲಿ ಸಗಣಿ ಗುರುತು ಹಾಗೇ ಇತ್ತು, ತೊಳೆದು ಬರಲಾ ಅಂದರು, ಬೇಡಮ್ಮ ಅಂದೆ. ಆ ತುಪ್ಪಕ್ಕೆ ಇವತ್ತಿಗೂ ಅದೇ ಫೋಟೋ ಓಡುತ್ತಿದೆ.

ಹಾಗಾಗಿ: ಸಾಕಿದವರು ಜೊತೆಗಿರಲಿ. ಬಿಸಿಲು ಏರುವ ಮುಂಚೆ ಅಥವಾ ಸಂಜೆ ತೆಗೆಯಿರಿ. ನೀವು ಮಂಡಿಯೂರಿ, ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಫೋನ್ ತನ್ನಿ, ಮೇಲಿಂದ ತೆಗೆದರೆ ತಲೆ ದೊಡ್ಡದಾಗಿ ಕಾಲು ಮಾಯ. ಫ್ಲ್ಯಾಶ್ ಬೇಡವೇ ಬೇಡ, ಹಸು, ಬೆಕ್ಕು, ನಾಯಿಯ ಕಣ್ಣು ಹಸಿರು ದೀಪದ ಹಾಗೆ ಬರುತ್ತದೆ. ಜೂಮ್ ಎಳೆಯದೆ ಒಂದೆರಡು ಹೆಜ್ಜೆ ಹತ್ತಿರ ಹೋಗಿ. ನಾಯಿಮರಿ ಥರ ಓಡಾಡುವ ಪ್ರಾಣಿಯಾದರೆ ಬಟನ್ ಒತ್ತಿ ಹಿಡಿದು ಒಂದೇ ಸಮ ಮೂವತ್ತು ತೆಗೆದು ಒಂದು ಆರಿಸಿ.

ನಮ್ಮ ಎಮ್ಮೆ ಫೋಟೋದಲ್ಲಿ ಕಪ್ಪು ಮುದ್ದೆ ಥರ ಬರುತ್ತೆ. ಏನ್ಮಾಡೋದು?

ಹಿಂದೆ ಆಕಾಶ ಅಥವಾ ಬಿಸಿಲಿಗೆ ಹೊಳೆಯುವ ಗದ್ದೆ ಇರುತ್ತದೆ, ಅದಕ್ಕೇ. ಫೋನು ಆ ಬೆಳಕಿಗೆ ಹೊಂದಿಕೊಂಡು ಎಮ್ಮೆಯನ್ನು ಕತ್ತಲಿಗೆ ತಳ್ಳುತ್ತದೆ. ಎಮ್ಮೆಯನ್ನು ಮರದ ನೆರಳಿಗೋ ಕೊಟ್ಟಿಗೆ ಬಾಗಿಲ ಹತ್ತಿರಕ್ಕೋ ತನ್ನಿ, ಹಿಂದೆ ಗಾಢ ಹಸಿರು ಇರಲಿ, ಬೆಳಕು ಪಕ್ಕದಿಂದ ಬೀಳಲಿ. ಪರದೆ ಮೇಲೆ ಎಮ್ಮೆಯ ಮುಖವನ್ನು ಮುಟ್ಟಿ, ಬೆಳಕಿನ ಗುರುತನ್ನು ಸ್ವಲ್ಪ ಮೇಲೆ ಕೆಳಗೆ ಜಾರಿಸಿ ನೋಡಿ. ಮೈ ತೊಳೆದು ಇನ್ನೂ ಒದ್ದೆ ಇರುವಾಗ ತೆಗೆದರೆ ಬೆನ್ನು, ಹೊಟ್ಟೆಯ ಉಬ್ಬು ತಗ್ಗು ಮಿಂಚಿ ಆಕಾರ ಎದ್ದು ಕಾಣುತ್ತದೆ. ಕಪ್ಪು ನಾಯಿಗೂ ಇದೇ ದಾರಿ. ಬಿಳಿ ಮೊಲ, ಬಿಳಿ ಬೆಕ್ಕಿಗೆ ತಿರುವುಮುರುವು, ಅಲ್ಲಿ ಬೆಳಕು ತಗ್ಗಿಸಬೇಕು, ಇಲ್ಲದಿದ್ದರೆ ರೋಮವೆಲ್ಲ ಸುಣ್ಣದ ಗೋಡೆ.

ಯಾವ ಸೈಜ್, ಬರಹ ಎಲ್ಲಿ?

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಫೀಡಿಗೆ 1080×1080 ಅಥವಾ 1080×1350 (ಅಗಲ×ಎತ್ತರ, ಪಿಕ್ಸೆಲ್ ಲೆಕ್ಕದಲ್ಲಿ). ಸ್ಟೋರಿ, ರೀಲ್ಸ್‌ಗೆ 1080×1920. ರೀಲ್ಸ್‌ನಲ್ಲಿ ಮೇಲಿನ ಸುಮಾರು 14%, ಕೆಳಗಿನ ಸುಮಾರು 35% ಜಾಗ ಹೆಸರು, ಬಟನ್‌ಗಳಿಗೆ ಹೋಗುತ್ತದೆ, ಪ್ರಾಣಿಯ ಮುಖ ಅಲ್ಲಿ ಬೀಳಬಾರದು. ಗೂಗಲ್ ಡಿಸ್‌ಪ್ಲೇಗೆ (ಬೇರೆ ಬೇರೆ ವೆಬ್‌ಸೈಟ್‌ಗಳಲ್ಲಿ ಕಾಣುವ ಗೂಗಲ್ ಜಾಹೀರಾತು) ಅಡ್ಡ ಚಿತ್ರ 1200×628, ಚೌಕ 1200×1200. ಅಡ್ಡ ಚಿತ್ರ ಕತ್ತರಿಸುವಾಗ ಮೊದಲು ಹಾರಿಹೋಗುವುದು ಕೊಂಬು ಮತ್ತು ಕಿವಿ, ಅದಕ್ಕೇ ತೆಗೆಯುವಾಗಲೇ ಸುತ್ತ ಜಾಗ ಬಿಡಿ. ಬರಹ ಚಿತ್ರದ 20% ಮೀರಬಾರದು ಅನ್ನುವ ಹಳೇ ಫೇಸ್‌ಬುಕ್ ನಿಯಮ 2020ರಲ್ಲೇ ಹೋಯಿತು, ಆದರೂ ಕಡಿಮೆ ಬರೆದರೇ ಚೆಂದ. ಡಿಸೈನರ್‌ಗೆ ಫೋಟೋ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿ ಮಸುಕಾಗುತ್ತದೆ.

## ಹಕ್ಕು, ಕಾನೂನು

ನೆಟ್‌ನಿಂದ ಇಳಿಸ್ಕೊಂಡು ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತ ಹಾಕಿದ್ರೆ ಸಾಕಲ್ವಾ?

ಸಾಲದು. ಇಂಟರ್ನೆಟ್ ಅನ್ನೋ ಹೆಸರಿನವರು ಯಾರೂ ಆ ಫೋಟೋ ತೆಗೆದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು, ಅದರ ಪ್ರಕಾರ ಫೋಟೋದ ಹಕ್ಕು ತೆಗೆದವರದು. ನೀವು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿಮ್ಮದು. ಕಬಿನಿಯ ಒಂದು ಕರಿಚಿರತೆ ಫೋಟೋಗಾಗಿ ವರ್ಷಗಟ್ಟಲೆ ಕಾದವರಿದ್ದಾರೆ, ಅದನ್ನು ಕೇಳದೆ ಎತ್ತಿಕೊಳ್ಳುವುದು ಕಳ್ಳತನವೇ. ತೆಗೆದವರೇ ಷರತ್ತು ಹಾಕಿ ಬಳಸಲು ಬಿಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಚಿತ್ರದಲ್ಲಿ ‘ಎನ್‌ಸಿ’ (ನಾನ್ ಕಮರ್ಷಿಯಲ್) ಅಂತ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಫೋಟೋ ಮಾರುವ ಸ್ಟಾಕ್ ತಾಣದಲ್ಲಿ ‘ಎಡಿಟೋರಿಯಲ್ ಮಾತ್ರ’, ಅಂದರೆ ಸುದ್ದಿ, ಲೇಖನಕ್ಕೆ ಮಾತ್ರ ಅಂತ ಇದ್ದರೆ ಜಾಹೀರಾತಿಗೆ ಬೇಡ. ಬೇರೆಯವರ ಮನೆಯ ನಾಯಿಯಾದರೆ ಅವರನ್ನೂ ಕೇಳಿ, ಒಂದು ಸಾಲು ಬರೆಸಿಕೊಳ್ಳಿ.

ಪ್ರಾಣಿ ಕರೆಸಿ ಜಾಹೀರಾತು ಶೂಟ್ ಮಾಡ್ಬೇಕು. ಪರ್ಮಿಷನ್ ಬೇಕಾ?

ಪ್ರಾಣಿ ಬಳಸಿ ಜಾಹೀರಾತು ಚಿತ್ರ ತೆಗೆಯಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮುಂಗಡ ಅನುಮತಿ ಬೇಕು, 2001ರ ನಿಯಮ ಅದಕ್ಕೇ ಇದೆ. ಶೂಟಿಂಗ್ ದಿನ ಗೊತ್ತು ಮಾಡುವ ಮೊದಲೇ ಅರ್ಜಿ ಹಾಕಿ. ಕರಡಿ, ಮಂಗ, ಹುಲಿ, ಚಿರತೆ, ಸಿಂಹಕ್ಕೆ ತರಬೇತಿ ಕೊಟ್ಟು ಪ್ರದರ್ಶಿಸುವಂತಿಲ್ಲ ಅಂತ ಬಹಳ ಹಿಂದೆಯೇ ಕೇಂದ್ರ ಹೇಳಿದೆ, 2011ರಲ್ಲಿ ಹೋರಿಯನ್ನೂ ಆ ಪಟ್ಟಿಗೆ ಸೇರಿಸಿದರು. ಪಂಜರದ ಹಸಿರು ಗಿಳಿ, ನಕ್ಷತ್ರ ಆಮೆಯನ್ನು ‘ಮುದ್ದಿನ ಸಾಕುಪ್ರಾಣಿ’ ಅಂತ ತೋರಿಸಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವನ್ನು ಹಿಡಿದು ಸಾಕುವುದೇ ಅಪರಾಧ. ಅಭಯಾರಣ್ಯದೊಳಗೆ ವ್ಯಾಪಾರಕ್ಕಾಗಿ ಶೂಟ್ ಮಾಡುವುದಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು.

ನಾಯಿಮರಿ ಮಾರ್ತೀವಿ. ಹುಟ್ಟಿದ ವಾರದ ಫೋಟೋ ತುಂಬಾ ಮುದ್ದಾಗಿದೆ, ಹಾಕ್ಲಾ?

ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, 2017ರ ನಿಯಮ. ಕಣ್ಣು ಬಿಡದ ಮರಿ ತೋರಿಸಿ ‘ಈಗಲೇ ಬುಕ್ ಮಾಡಿ’ ಅಂದರೆ ನಿಮ್ಮ ಮೇಲೇ ಪ್ರಶ್ನೆ ಬರುತ್ತದೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಂತೂ ಪ್ರಾಣಿ ಮಾರಾಟಕ್ಕೇ ಅವಕಾಶ ಇಲ್ಲ. ಮುಧೋಳ ನಾಯಿ ಸಾಕುವವರಿಗೆ ಒಂದು ಮಾತು: ಅದರ ಸಣ್ಣ ಸೊಂಟ, ಉದ್ದ ಮೂತಿ ನೋಡಿ ಗೊತ್ತಿಲ್ಲದವರು ಊಟ ಹಾಕಿಲ್ಲ ಅಂದುಕೊಳ್ಳುತ್ತಾರೆ. ಬಯಲಲ್ಲಿ ಓಡುತ್ತಿರುವಾಗ ತೆಗೆಯಿರಿ, ಆಗ ಆ ಮೈಕಟ್ಟು ಯಾಕೆ ಹಾಗಿದೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ತಾಯಿ ನಾಯಿಯ ಚಿತ್ರವನ್ನೂ ಹಾಕಿ. ತಿಳಿದು ಖರೀದಿ ಮಾಡುವವರು ಅದನ್ನೇ ಕೇಳುವುದು.

## ಸ್ವಲ್ಪ ಮುಂದೆ ಹೋದವರಿಗೆ

ಎಐನಲ್ಲಿ ಹಸು ಮಾಡಿಸಿದ್ರೆ ಖರ್ಚೇ ಇಲ್ಲವಲ್ಲ?

ಗೊರಸು ಎಣಿಸಿ. ಕೆಚ್ಚಲು ನೋಡಿ, ಮೊಲೆ ನಾಲ್ಕಿದೆಯಾ? ಒಂದು ಕೊಂಬು ಕಿವಿಯೊಳಗಿಂದ ಬಂದಿರುತ್ತದೆ, ಹಿಣಿಲು ಬೆನ್ನಿನ ಮಧ್ಯಕ್ಕೆ ಜಾರಿರುತ್ತದೆ. ಇವೆಲ್ಲ ಸರಿ ಇದ್ದರೂ ನನ್ನ ಉತ್ತರ ಬೇಡ ಅಂತಲೇ. ‘ನಮ್ಮ ಕೊಟ್ಟಿಗೆಯ ಹಸು’ ಅಂತ ಇಲ್ಲದ ಹಸುವನ್ನು ತೋರಿಸುವುದು ಸುಳ್ಳು. ಹಿನ್ನೆಲೆಯ ಪ್ಲಾಸ್ಟಿಕ್ ಕವರ್ ಅಳಿಸಲು, ಚಿತ್ರದ ಅಂಚು ಹಿಗ್ಗಿಸಲು ಬೇಕಾದರೆ ಬಳಸಿ. ಪ್ರಾಣಿಯ ಮೈಯನ್ನು ಮಾತ್ರ ಮುಟ್ಟಬೇಡಿ, ಪಕ್ಕೆಲುಬು ಮುಚ್ಚಿ ದಪ್ಪ ಮಾಡುವುದಂತೂ ಬೇಡವೇ ಬೇಡ.

ಎರಡು ಫೋಟೋ ಇದೆ. ಯಾವುದು ಒಳ್ಳೇದು ಅಂತ ಹೇಗೆ ತಿಳಿಯೋದು?

ಎರಡನ್ನೂ ಓಡಿಸಿ. ಬರಹ, ಬೆಲೆ, ಊರು, ವಯಸ್ಸು ಎಲ್ಲ ಒಂದೇ ಇರಲಿ, ಫೋಟೋ ಮಾತ್ರ ಬೇರೆ. ಒಂದು ದಿನಕ್ಕೇ ತೀರ್ಮಾನ ಮಾಡಬೇಡಿ, ವಾರ ಬಿಡಿ. ಕ್ಲಿಕ್ ಎಣಿಸಬೇಡಿ, ಆರ್ಡರ್ ಎಣಿಸಿ. ಕರುವಿನ ಫೋಟೋಗೆ ಕ್ಲಿಕ್ ಜಾಸ್ತಿ ಬಂದು, ಹಸು ಜೊತೆ ಮನೆಯವರು ನಿಂತ ಫೋಟೋಗೆ ಆರ್ಡರ್ ಜಾಸ್ತಿ ಬಂದದ್ದನ್ನು ನಾನು ಕಂಡಿದ್ದೇನೆ. ಗೆದ್ದ ಫೋಟೋವೂ ಕೆಲವು ವಾರಕ್ಕೆ ಹಳತಾಗುತ್ತದೆ, ಒಬ್ಬರೇ ಅದನ್ನು ಮತ್ತೆ ಮತ್ತೆ ನೋಡಿ ದಾಟಿಸುತ್ತಾರೆ. ಅದೇ ಪ್ರಾಣಿಯ ಬೇರೆ ನಾಲ್ಕು ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ.

ನಮ್ಮದು ಬೀದಿನಾಯಿಗಳ ಆಶ್ರಯ. ಗಾಯದ ಫೋಟೋ ಹಾಕಿದ್ರೇನೇ ದುಡ್ಡು ಬರೋದು ಅಂತಾರೆ. ನಿಜಾನಾ?

ಮೊದಲ ಸಲ ಬರಬಹುದು. ಆಮೇಲೆ ಜನ ನಿಮ್ಮ ಹೆಸರು ಕಂಡ ಕೂಡಲೇ ಬೆರಳು ಸರಿಸುತ್ತಾರೆ, ನೋಡೋಕಾಗಲ್ಲ ಅಂತ. ತೀರಾ ಹಸಿ ಗಾಯವಾದರೆ ಚಿತ್ರದ ಮೇಲೆ ಪರದೆ ಬೀಳುತ್ತದೆ, ಜಾಹೀರಾತಾಗಿ ಒಪ್ಪುವುದೂ ಇಲ್ಲ. ಬ್ಯಾಂಡೇಜ್ ಕಟ್ಟಿಸಿಕೊಂಡು ಎದ್ದು ಕೂತ ಮೊದಲ ದಿನದ ಫೋಟೋ ಹಾಕಿ. ಕಣ್ಣು ನಿಮ್ಮ ಕಡೆ ಇರಲಿ, ತಟ್ಟೆಯಲ್ಲಿ ಅನ್ನ ಇರಲಿ, ಚಿಕಿತ್ಸೆಗೆ ಇವತ್ತಿನ ತನಕ ಎಷ್ಟು ಖರ್ಚಾಯಿತು ಅಂತ ಒಂದು ಸಾಲು ಇರಲಿ. ನಾಯಿಗೆ ಹೆಸರಿಟ್ಟಿದ್ದರೆ ಹೆಸರು ಬರೆಯಿರಿ. ತಿಂಗಳ ನಂತರ ಅದೇ ನಾಯಿ ಹೇಗಿದೆ ಅಂತ ಇನ್ನೊಂದು ಫೋಟೋ ಹಾಕಿ, ದುಡ್ಡು ಕೊಟ್ಟವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಬದುಕಲಿಲ್ಲ ಅಂದರೆ ಅದನ್ನೂ ಹೇಳಿಬಿಡಿ, ಹಳೇ ಫೋಟೋದಲ್ಲಿ ದುಡ್ಡು ಕೇಳುವುದನ್ನು ಅವತ್ತೇ ನಿಲ್ಲಿಸಿ.